ಯಜಮಾನರ ಮರಗೆಲಸದ ಶೆಡ್ ಚೊಕ್ಕ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಮೈಸೂರು. ಯಜಮಾನರಿಗೆ ಐದು ವರ್ಷದಿಂದ ಮರಗೆಲಸದ ಹವ್ಯಾಸ. 10 ಅಡಿ ಅಗಲ, 16 ಅಡಿ ಉದ್ದದ ಕಾರ್ ಶೆಡ್ಡೇ ಅವರ ಕೆಲಸದ ಜಾಗ. ಸಣ್ಣ ಟೇಬಲ್ ಗರಗಸ, ಮರದಲ್ಲಿ ತೋಡು ಕೊರೆಯುವ ರೌಟರ್, ಡ್ರಿಲ್, ಸಾಣೆ ಯಂತ್ರ, ಉಳಿ, ಮರ ಹೆರೆಯುವ ಹತ್ತರಿ ಎಲ್ಲ ಇವೆ. ಹೋದ ತಿಂಗಳು ಹರ್ನಿಯಾ ಆಪರೇಷನ್ ಆಗಿದೆ, ಭಾರ ಎತ್ತುವಂತಿಲ್ಲ. ಆಯುಧ ಪೂಜೆಗೆ ಇನ್ನು ಮೂರು ವಾರ. ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಹೋದ ವರ್ಷ ನಾನೇ ಚೊಕ್ಕ ಮಾಡಿದ್ದೆ. ಆಗ ಒಂದು ಹಳೆಯ ಪ್ಲೈವುಡ್ ತುಂಡನ್ನು ಹಂಡೆ ಒಲೆಗೆ ಹಾಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅದರ ಅಡಿಗೆ ಎರಡು ಪಟ್ಟಿ ಹೊಡೆದಿತ್ತು, ನಡುವೆ ಒಂದು ಸೀಳಿತ್ತು, ಅಷ್ಟೇ. ಈ ಸಲ ಅವರಿಗೂ ನೋವಾಗದೆ, ನನ್ನ ಕೈಯೂ ಕೊಯ್ದುಕೊಳ್ಳದೆ ಹೇಗೆ ಮಾಡಲಿ?

ಉತ್ತರ: ಮೊದಲು ಆ ಪ್ಲೈವುಡ್ ತುಂಡಿನ ವಿಷಯ. ಅದು ಏನೆಂದು ಗೊತ್ತಾದರೆ ಈ ಸಲ ಯಾವುದಕ್ಕೆ ಕೈ ಹಾಕಬಾರದೆಂಬುದು ಅರ್ಧ ಗೊತ್ತಾದಂತೆ.

ಮರಗೆಲಸದವರು ಅದನ್ನು ಸ್ಲೆಡ್ ಎನ್ನುತ್ತಾರೆ. ಅಡಿಯ ಎರಡು ಪಟ್ಟಿಗಳು ಟೇಬಲ್ ಗರಗಸದ ಮೇಲಿರುವ ಎರಡು ಕಾಲುವೆಗಳಲ್ಲಿ ಕೂತು ಹಿಂದೆ ಮುಂದೆ ಜಾರುತ್ತವೆ. ಪಟ್ಟಿ ಬಿಗಿಯಾದರೆ ಜಾರದು, ಸಡಿಲವಾದರೆ ಅಲುಗುತ್ತದೆ. ಆ ಎರಡರ ನಡುವಿನ ಅಂತರ ಒಂದು ಕಾಗದದ ದಪ್ಪದಷ್ಟು. ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಅದನ್ನು ಸರಿಮಾಡಬೇಕು. ನೀವು ಕಂಡ ಸೀಳು ಬ್ಲೇಡ್ ಹಾದುಹೋಗುವ ದಾರಿ. ಸ್ಲೆಡ್ಡಿನ ಮೇಲೆ ನಿಲ್ಲಿಸಿದ ಅಡ್ಡಪಟ್ಟಿ ಆ ಸೀಳಿಗೆ ಸರಿಯಾಗಿ 90 ಡಿಗ್ರಿಯಲ್ಲಿರಬೇಕು. ಅದನ್ನು ಮೂಲೆಮಟ್ಟ ಇಟ್ಟು ನೋಡಿದರೆ ಸಾಲದು. ಒಂದು ಚೌಕ ಹಲಗೆಯ ನಾಲ್ಕೂ ಅಂಚನ್ನು ಒಂದಾದ ಮೇಲೊಂದು, ಆಗಷ್ಟೇ ಕೊಯ್ದ ಅಂಚನ್ನೇ ಅಡ್ಡಪಟ್ಟಿಗೆ ಒತ್ತಿ ಹಿಡಿದು ಕೊಯ್ಯುತ್ತ ಬರುತ್ತಾರೆ. ಐದನೆಯ ಸಲ ಒಂದಂಗುಲ ಅಗಲದ ಪಟ್ಟಿ ಕೊಯ್ದು ಅದರ ಎರಡು ತುದಿಗಳ ಅಗಲ ಅಳೆಯುತ್ತಾರೆ. ನಾಲ್ಕು ಕೊಯ್ತದ ತಪ್ಪೂ ಒಟ್ಟುಗೂಡಿ ಆ ಪಟ್ಟಿಯಲ್ಲಿ ಕಾಣುತ್ತದೆ. ಒಂದು ತುದಿ ಇನ್ನೊಂದಕ್ಕಿಂತ 0.4 ಮಿ.ಮೀ. ಅಗಲವಿದ್ದರೆ, ಒಂದೊಂದು ಕೊಯ್ತದಲ್ಲಿ 0.1 ಮಿ.ಮೀ. ಓರೆಯಿದೆ ಎಂದರ್ಥ. ಸ್ಕ್ರೂ ಸಡಿಲಿಸಿ, ಅಡ್ಡಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಐದು ಸಲ ಕೊಯ್ಯಬೇಕು. ಪ್ಲೈವುಡ್ಡಿಗೆ ಬೆಲೆಯಿಲ್ಲ, ಅದರೊಳಗಿನ ಆ 90 ಡಿಗ್ರಿಗೆ ಬೆಲೆ. ಒಲೆಗೆ ಹೋದದ್ದು ಆ ಅರ್ಧ ದಿನದ ಕೆಲಸ.

ಹಾಗಾಗಿ ಈ ಸಲ ಕೆಲಸವನ್ನು ಎರಡಾಗಿ ಹಂಚಿಕೊಳ್ಳಿ. ಧೂಳು, ಹೊಟ್ಟು, ಬೆಂಕಿಯ ಭಯ, ತುಕ್ಕು ಇವೆಲ್ಲ ನಿಮ್ಮ ಪಾಲು. ಯಾವುದು ಎಲ್ಲಿರಬೇಕು, ಯಾವುದನ್ನು ಎಸೆಯಬೇಕು ಎಂಬುದು ಅವರ ಪಾಲು. ಅದನ್ನು ಕುರ್ಚಿಯಲ್ಲಿ ಕೂತೇ ಹೇಳಬಹುದು. ಮರಗೆಲಸ ಮಾಡುವವರ ಬೆಂಚಿನ ಮೇಲೆ ಸಾಮಾನು ಚೆಲ್ಲಾಡಿದಂತೆ ಕಂಡರೂ ಅದು ಎಷ್ಟೋ ಸಲ ಅರ್ಧಕ್ಕೆ ನಿಂತ ಕೆಲಸದ ನೆನಪಿನ ಗುರುತು. ಈ ಹಲಗೆಗೆ ಈ ಉಳಿ, ಅದರ ಪಕ್ಕ ಈ ಚೀಟಿ. ನೀವು ಎಲ್ಲವನ್ನೂ ಅಂದವಾಗಿ ಜೋಡಿಸಿಟ್ಟರೆ ಸಾಮಾನು ಉಳಿಯುತ್ತದೆ, ಗುರುತು ಅಳಿಸಿಹೋಗುತ್ತದೆ.

ಕಸದಂತೆ ಕಾಣುವ ಸಾಮಾನು

ಸ್ಲೆಡ್ಡಿನಂಥ ಸಹಾಯಕ ಸಾಧನಗಳಿಗೆಲ್ಲ ಜಿಗ್ ಎಂದು ಹೆಸರು. ಚೂರುಪಾರು ಮರದಲ್ಲೇ ಮಾಡಿಕೊಳ್ಳುವುದರಿಂದ ಅವು ಯಾವತ್ತೂ ಕಸದ ಹಾಗೇ ಕಾಣುತ್ತವೆ. ತುಂಡಿನ ಮೇಲೆ ಸ್ಕ್ರೂ, ನಟ್ಟು ಬೋಲ್ಟು, ಸಣ್ಣ ಹಿಡಿಕೆ ಇದ್ದರೆ ಅದು ಜಿಗ್. ಒಂದೇ ಅಳತೆಯ ತೂತುಗಳು ಸಾಲಾಗಿದ್ದರೆ, ಅಂಚು ಯಾವುದೋ ಬಳುಕಿನಲ್ಲಿ ನುಣ್ಣಗೆ ಕತ್ತರಿಸಿದ್ದರೆ (ಕುರ್ಚಿಯ ಕಾಲಿನದೋ ಬೆನ್ನಿನದೋ ಅಚ್ಚು), 45 ಡಿಗ್ರಿ ಓರೆಯಲ್ಲಿ ಕೊಯ್ದ ಎರಡು ತುಂಡು ಅಂಟಿಸಿದ್ದರೆ, ಒಂದು ಕಡೆ ಉಪ್ಪುಕಾಗದ ಮೆತ್ತಿದ್ದರೆ, ಅದೂ ಜಿಗ್ಗೇ. ಉದ್ದನೆಯ ಸಾದಾ ರೀಪಿನ ಮೇಲೆ ಅಲ್ಲಲ್ಲಿ ಪೆನ್ಸಿಲ್ ಗೀಟು, ಪಕ್ಕದಲ್ಲಿ 'ಬಾಗಿಲು', 'ಡ್ರಾಯರ್' ಎಂಬಂತಹ ಮಾತು ಬರೆದಿದ್ದರೆ ಅದು ಅಳತೆಕೋಲು. ಒಂದು ಬೀರುವಿನ ಎಲ್ಲ ಅಳತೆಯೂ ಅದರಲ್ಲಿರುತ್ತದೆ. ಅದು ಕಳೆದರೆ ಆ ಬೀರುವಿಗೆ ಜೋಡಿ ಮಾಡಲಾಗದು.

ಪೆನ್ಸಿಲ್ ಬರಹವಿರುವ ಯಾವ ಮರವನ್ನೂ ಎಸೆಯಬೇಡಿ, ಒರೆಸಲೂ ಬೇಡಿ. ತ್ರಿಕೋನದ ಗುರುತು ಅಡ್ಡಲಾಗಿ ಮೂರು ನಾಲ್ಕು ಹಲಗೆಗಳ ಮೇಲೆ ಹರಡಿಕೊಂಡಿದ್ದರೆ ಆ ಹಲಗೆಗಳನ್ನು ಅದೇ ಕ್ರಮದಲ್ಲಿ ಒಟ್ಟಿಗೆ ಇಡಿ. ಎಳೆ ಹೊಂದಿಸಿ ಅಂಟಿಸಲು ಹಾಕಿದ ಗುರುತು ಅದು. ಕ್ಲ್ಯಾಂಪಿನಲ್ಲಿ ಬಿಗಿದ ಮರವಿದ್ದರೆ ಕ್ಲ್ಯಾಂಪ್ ಬಿಚ್ಚಬೇಡಿ. ಅಂಟು ಒಣಗಿ ತಿಂಗಳಾಗಿದೆ ಎನಿಸಿದರೂ ಅವರನ್ನು ಕೇಳಿಯೇ ಬಿಚ್ಚಿ. ಬಾಗಿದ ಹಲಗೆಯನ್ನು ನೇರಕ್ಕೆ ತರಲು ಬಿಗಿದಿಟ್ಟಿರಲೂಬಹುದು.

ಬೀಟೆ, ತೇಗ, ಹೊನ್ನೆ, ಹಲಸಿನ ತುಂಡು ಬೆರಳುದ್ದವಿದ್ದರೂ ಇರಲಿ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಮ್ಮೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಕೂರಿಸುವ ಚೂರುಗಳು ಉಗುರಿನಗಲ ಇರುತ್ತವೆ.

ಶೆಡ್ಡಿಗೆ ಹೋಗುವ ಮುನ್ನ

ಒಂದೂವರೆ ದಿನದ ಕೆಲಸ ಇದು. ಒಂದೇ ದಿನ ಮುಗಿಸುವ ಹಟ ಬೇಡ. ಬೇಕಾಗುವ ಸಾಮಾನು: ಎರಡು ಎನ್-95 ಮಾಸ್ಕ್, ಪಕ್ಕವೂ ಮುಚ್ಚುವ ಕನ್ನಡಕ, ತುಂಬುತೋಳಿನ ಹಳೆ ಅಂಗಿ, ಮುಚ್ಚಿದ ಶೂ, ಒಂದು ಜೊತೆ ರಬ್ಬರ್ ಗ್ಲೌಸು, ಒಂದು ಜೊತೆ ದಪ್ಪ ತೊಗಲಿನ ಗ್ಲೌಸು, 2 ಅಂಗುಲದ ಪೇಂಟ್ ಬ್ರಷ್ಷು ಎರಡು, ಮೆತ್ತನೆ ಪೊರಕೆ, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಮಾಸ್ಕಿಂಗ್ ಟೇಪು, ಮಾರ್ಕರ್ ಪೆನ್ನು, ನಾಲ್ಕು ಗೋಣಿಚೀಲ, ತರಕಾರಿ ತರುವ ಪ್ಲಾಸ್ಟಿಕ್ ಕ್ರೇಟು ಮೂರು, ಬಿಗಿ ಮುಚ್ಚಳದ ತಗಡಿನ ಡಬ್ಬಿ ಒಂದು, 100 ಮಿ.ಲೀ. ಹೊಲಿಗೆ ಯಂತ್ರದ ಎಣ್ಣೆ.

ಬಟ್ಟೆಯ ಮಾಸ್ಕ್ ಸಾಲದು. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ನುಣುಪು ಧೂಳೇ ಕೆಟ್ಟದ್ದು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಅದು ವರ್ಷಗಟ್ಟಲೆ ಉಸಿರಾಡುವವರ ಮಾತು, ಒಂದು ದಿನಕ್ಕೆ ಹೆದರಬೇಕಾಗಿಲ್ಲ. ಆದರೆ ಆಸ್ತಮಾ ಇದ್ದವರಿಗೆ ಒಂದೇ ದಿನ ಸಾಕು. ತೇಗ ಮತ್ತು ಬೀಟೆಯ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮೊಣಕೈ ಒಳಭಾಗದಲ್ಲೂ ಕತ್ತಿನಲ್ಲೂ ಕೆಂಪಾಗಿ ತುರಿಸುತ್ತದೆ. ತುಂಬುತೋಳು ಹೇಳಿದ್ದು ಅದಕ್ಕೇ.

ಕೈ ಹಾಕುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾಲ್ಕು ಗೋಡೆ, ಬೆಂಚಿನ ಮೇಲ್ಭಾಗವನ್ನು ನೇರ ಮೇಲಿನಿಂದ ಎರಡು ಮೂರು ತುಣುಕಾಗಿ, ಪ್ರತಿ ಡ್ರಾಯರ್ ತೆರೆದು ಒಂದೊಂದು, ಯಂತ್ರಗಳ ಹತ್ತಿರದಿಂದ ಒಂದೊಂದು. ಮೂವತ್ತು ನಲವತ್ತು ಫೋಟೋ ಆಗುತ್ತದೆ, ಆಗಲಿ. ಆಮೇಲೆ ಅವರ ಹತ್ತಿರ ಹತ್ತು ನಿಮಿಷ ಕೂತು ಮೂರೇ ಪ್ರಶ್ನೆ ಕೇಳಿ: ಅರ್ಧಕ್ಕೆ ನಿಂತ ಕೆಲಸ ಯಾವುದು, ಎಣ್ಣೆ ಬಟ್ಟೆ ಎಲ್ಲಿ ಹಾಕುತ್ತೀರಿ, ಯಾವ ಬಾಟಲಿಯಲ್ಲಿ ಏನಿದೆ? ಎರಡನೆಯ ಪ್ರಶ್ನೆ ಮರೆಯಬೇಡಿ.

ಶೆಡ್ಡಿನೊಳಗೆ ಹೋದ ಕೂಡಲೇ ಎಲ್ಲ ಯಂತ್ರಗಳ ಪ್ಲಗ್ ಕಿತ್ತು, ವಯರನ್ನು ಕಣ್ಣಿಗೆ ಕಾಣುವಂತೆ ಯಂತ್ರದ ಮೇಲೆ ಸುತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಒರೆಸುವಾಗ ಕೈ ತಾಗಿ ಒತ್ತಿಹೋಗುವ ಸ್ವಿಚ್ಚುಗಳಿರುತ್ತವೆ. ಬ್ಯಾಟರಿ ಡ್ರಿಲ್ಲುಗಳ ಬ್ಯಾಟರಿ ತೆಗೆದು ಬೇರೆಯೇ ಇಡಿ. ಬ್ಯಾಟರಿಯನ್ನು ಮೊಳೆ ಸ್ಕ್ರೂಗಳ ಡಬ್ಬಿಯಲ್ಲಿ ಹಾಕಬೇಡಿ, ಎರಡು ತುದಿಗೂ ಕಬ್ಬಿಣ ತಾಗಿದರೆ ಕಿಡಿ ಬರುತ್ತದೆ.

ಮೊದಲ ಕೆಲಸ ಎಣ್ಣೆ ಬಟ್ಟೆ

ಗುಡಿಸುವುದಕ್ಕೂ ಮೊದಲು ಇದನ್ನು ಮುಗಿಸಬೇಕು. ಮರಕ್ಕೆ ಬಳಿಯುವ ಅಗಸೆ ಎಣ್ಣೆ (ಅಂಗಡಿಯಲ್ಲಿ ಲಿನ್‌ಸೀಡ್, ಡಬಲ್ ಬಾಯಿಲ್ಡ್ ಎಂದು ಮಾರುವುದು), ಟಂಗ್ ಎಣ್ಣೆ, ಡ್ಯಾನಿಶ್ ಆಯಿಲ್, ಟೀಕ್ ಆಯಿಲ್ ಎಂದು ಸಿಗುವ ಬಹುತೇಕ ಎಣ್ಣೆಗಳು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುತ್ತವೆ, ಹಾಗೆ ಕೂಡುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಹಳೆ ಬನಿಯನ್ ತುಂಡನ್ನು ಮುದುಡಿ ಮೂಲೆಗೆ ಎಸೆದಿದ್ದರೆ ಬಿಸಿ ಒಳಗೇ ಉಳಿದು ಏರುತ್ತ ಹೋಗಿ, ಕೆಲವು ಗಂಟೆಗಳಲ್ಲಿ ಯಾರೂ ಬೆಂಕಿ ಹಚ್ಚದೆಯೂ ಹೊತ್ತಿಕೊಳ್ಳುತ್ತದೆ. ಕೆಳಗೆ ಒಣ ಹೊಟ್ಟು ಇದ್ದರಂತೂ ಹೇಳುವುದೇ ಬೇಡ. ತೆಂಗಿನೆಣ್ಣೆ, ಯಂತ್ರದ ಎಣ್ಣೆ ಒರೆಸಿದ ಬಟ್ಟೆ ಹೀಗೆ ತಾನಾಗಿ ಹೊತ್ತುವುದಿಲ್ಲ. ಆದರೆ ಬಟ್ಟೆ ನೋಡಿ ಯಾವ ಎಣ್ಣೆ ಎಂದು ಹೇಳಲಾಗದು, ಆದ್ದರಿಂದ ಎಲ್ಲವನ್ನೂ ಅಗಸೆ ಎಣ್ಣೆ ಎಂದೇ ಭಾವಿಸಿ.

ಸಿಕ್ಕಿದ ಬಟ್ಟೆ ಹಪ್ಪಳದಂತೆ ಗಟ್ಟಿಯಾಗಿದ್ದರೆ ಅದರ ಕೆಲಸ ಮುಗಿದಿದೆ, ಭಯವಿಲ್ಲ. ಮೆತ್ತಗಿದ್ದು, ಜಿಡ್ಡಾಗಿ, ಮುಗ್ಗಿದ ಎಣ್ಣೆಯ ವಾಸನೆ ಬಂದರೆ ರಬ್ಬರ್ ಗ್ಲೌಸು ಹಾಕಿ ಎತ್ತಿ ನೇರ ನೀರಿನ ಬಕೆಟ್ಟಿಗೆ ಹಾಕಿ ಹೊರಗೆ ತನ್ನಿ. ಆಮೇಲೆ ಒಂದೊಂದನ್ನೇ ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಸಿಮೆಂಟ್ ನೆಲದ ಮೇಲೆ ಹರಡಿ, ಮೂಲೆಗೆ ಕಲ್ಲಿಡಿ. ಎರಡು ಮೂರು ದಿನದಲ್ಲಿ ಬಿರುಸಾಗುತ್ತವೆ, ಆಗ ಎಸೆಯಿರಿ. ತರಗೆಲೆ ಇರುವ ಜಾಗ ಬೇಡ. ಒಗೆದು ಮತ್ತೆ ಬಳಸೋಣ ಎಂದು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಒಗೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಎಣ್ಣೆ ಚೆಲ್ಲಿದ ಕಡೆ ಹೊಟ್ಟು ಹಾಕಿ ಹೀರಿಸಿದ್ದರೆ ಆ ಹೊಟ್ಟೂ ಇದೇ ಲೆಕ್ಕ. ಇನ್ನು ಮುಂದೆ ಬಟ್ಟೆ ಹಾಕಲು ಆ ತಗಡಿನ ಡಬ್ಬಿಗೆ ಅರ್ಧ ನೀರು ತುಂಬಿ ಬಾಗಿಲ ಬಳಿ ಇಡಿ.

ಬಾಟಲಿಗಳು

ಸ್ಪಿರಿಟ್, ಥಿನ್ನರ್, ಟರ್ಪಂಟೈನ್ ಇವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಪಾಲಿಶ್ ಸ್ಪಿರಿಟ್ ನೋಡಲು ನೀರಿನ ಹಾಗೇ ಇರುತ್ತದೆ, ಅದರಲ್ಲಿ ಎಷ್ಟೋ ಸಲ ಮೆಥನಾಲ್ ಎಂಬ ವಿಷ ಸೇರಿರುತ್ತದೆ. ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಅಂಥ ಪ್ರತಿ ಬಾಟಲಿಗೂ ಮಾಸ್ಕಿಂಗ್ ಟೇಪು ಸುತ್ತಿ ಹೆಸರು ಬರೆಯಿರಿ. ಏನೆಂದು ಗೊತ್ತಿಲ್ಲದಿದ್ದರೆ ಮೂಸಿ ನೋಡಬೇಡಿ, 'ಕೇಳಬೇಕು' ಎಂದು ಬರೆದು ಪಕ್ಕಕ್ಕಿಡಿ. ಉಬ್ಬಿದ ಡಬ್ಬಿಯನ್ನು ತೆರೆಯಬೇಡಿ. ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಗಟ್ಟಿಯಾಗಲು ಬೆರೆಸುವ ಹಾರ್ಡನರಿಗೆ ತೇವಾಂಶ ತಾಗಿದರೆ ಒಳಗೆ ಅನಿಲ ಹುಟ್ಟಿ ಡಬ್ಬಿ ಬಿಗಿದಿರುತ್ತದೆ. ಯಾವುದನ್ನೂ ಬಚ್ಚಲಿಗೆ ಸುರಿಯಬೇಡಿ.

ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಕಾರ್ ಶೆಡ್ಡುಗಳಲ್ಲಿ ಇನ್ವರ್ಟರ್ ಬ್ಯಾಟರಿ, ಬೋರ್‌ವೆಲ್ ಮೋಟರಿನ ಸ್ಟಾರ್ಟರ್, ಪೆಟ್ರೋಲ್ ತುಂಬಿದ ಸ್ಕೂಟರ್ ಎಲ್ಲ ಒಟ್ಟಿಗಿರುವುದು ಸಾಮಾನ್ಯ. ಥಿನ್ನರ್, ಸ್ಪಿರಿಟ್, ಎನ್.ಸಿ. ಲ್ಯಾಕರ್ (ಬೇಗ ಒಣಗುವ ಒಂದು ಬಗೆಯ ಪಾಲಿಶ್) ಡಬ್ಬಿಗಳನ್ನು ಇವುಗಳಿಂದ ಆದಷ್ಟು ದೂರ, ಒಂದು ಸಣ್ಣ ಕಬ್ಬಿಣದ ಬೀರುವಿನಲ್ಲಿ ಇಡುವುದು ಸರಿ. ಅಡುಗೆಮನೆಯ ಗೋಡೆಗೆ ಒತ್ತಿ ಬೇಡ.

ಧೂಳು ತೆಗೆಯುವ ಕ್ರಮ

ಶಟರ್ ಪೂರ್ತಿ ತೆರೆಯಿರಿ. ನೆಲದ ಹೊಟ್ಟಿನ ಮೇಲೆ ಮೊದಲು ಅಯಸ್ಕಾಂತ ಆಡಿಸಿ. ಸ್ಕ್ರೂ, ಸಣ್ಣ ಆಲೆನ್ ಕೀ, ಡ್ರಿಲ್ ಬಿಟ್ಟು ಎಷ್ಟೋ ಸಿಗುತ್ತವೆ. ಅವನ್ನು ಒಂದು ತಟ್ಟೆಗೆ ಹಾಕಿ 'ನೆಲದಲ್ಲಿ ಸಿಕ್ಕಿದ್ದು' ಎಂದು ಬರೆದಿಡಿ. ವಿಂಗಡಿಸಲು ಹೋಗಬೇಡಿ. ಆಮೇಲೆ ನಡೆಯುವ ದಾರಿಯಷ್ಟು ಹೊಟ್ಟು ಗೋಣಿಗೆ ತುಂಬಿ, ನಂತರ ಮೇಲಿನಿಂದ ಕೆಳಕ್ಕೆ ಬನ್ನಿ: ಜೇಡರ ಬಲೆ, ಫ್ಯಾನಿನ ರೆಕ್ಕೆ, ಟ್ಯೂಬ್‌ಲೈಟು, ಶೆಲ್ಫು, ಯಂತ್ರ, ಬೆಂಚು, ಕೊನೆಗೆ ನೆಲ. ಸ್ವಿಚ್ ಬೋರ್ಡಿಗೆ ಎಂ.ಸಿ.ಬಿ. ಇಳಿಸಿ ಒಣ ಬ್ರಷ್ ಮಾತ್ರ. ಎಲ್ಲವನ್ನೂ ಬ್ರಷ್ಷಿನಿಂದ ತಳ್ಳಿ ಕೆಡವಿದ ಮೇಲೆ ಅರ್ಧ ಗಂಟೆ ಹೊರಗೆ ಬಂದು ಕಾಫಿ ಕುಡಿಯಿರಿ. ಹಾರಿದ ಧೂಳು ಕೂರಲು ಅಷ್ಟು ಹೊತ್ತಾದರೂ ಬೇಕು.

ನೆಲವನ್ನು ಒಣಗಿದ್ದಂತೆಯೇ ಗುಡಿಸಿದರೆ ಧೂಳು ಮತ್ತೆ ಮೇಲಕ್ಕೇ. ಒಂದು ಬಕೆಟ್ ದಪ್ಪ ಹೊಟ್ಟಿಗೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅದನ್ನು ನೆಲಕ್ಕೆ ಹರಡಿ ಒಳಮೂಲೆಯಿಂದ ಬಾಗಿಲಿನ ಕಡೆಗೆ ಗುಡಿಸುತ್ತ ಬಂದರೆ ಸಣ್ಣ ಧೂಳೆಲ್ಲ ಅದಕ್ಕೇ ಅಂಟಿಕೊಂಡು ಬರುತ್ತದೆ. ಗುಡಿಸಿದ್ದನ್ನು ಆ ದಿನವೇ ಹೊರಗೆ ಹಾಕಿ. ಒದ್ದೆ ಹೊಟ್ಟು ಕಬ್ಬಿಣದ ಹತ್ತಿರ ಒಂದು ರಾತ್ರಿ ಇದ್ದರೆ ಬೆಳಿಗ್ಗೆಗೆ ತುಕ್ಕು.

ಮನೆಯ ವ್ಯಾಕ್ಯೂಮ್ ಕ್ಲೀನರ್ ತರಬೇಡಿ. ಐದು ನಿಮಿಷದಲ್ಲಿ ಅದರ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸಣ್ಣ ಧೂಳು ಹಿಂದಿನಿಂದ ಹೊರಗೆ ಬರುತ್ತದೆ, ಸ್ಪಿರಿಟ್ ಹೀರಿದ ಹೊಟ್ಟನ್ನು ಎಳೆದುಕೊಂಡರೆ ಮೋಟರಿನ ಕಿಡಿ ಸಾಕು. ಬ್ಲೋವರನ್ನು ಮುಚ್ಚಿದ ಶೆಡ್ಡಿನಲ್ಲಿ ಹಾಕುವುದು ಅದಕ್ಕಿಂತ ತಪ್ಪು. ಸಾಣೆ ಯಂತ್ರದ ಕೆಳಗಿನ ಪುಡಿಯನ್ನು ಬೇರೆಯೇ ಗುಡಿಸಿ ಬೇರೆಯೇ ಎಸೆಯಿರಿ; ಅದರಲ್ಲಿ ಕಬ್ಬಿಣದ ಚೂರುಗಳಿವೆ. ಆ ಚೂರು ತೇಗದ ಮೇಲೋ ಹೊನ್ನೆಯ ಮೇಲೋ ಬಿದ್ದು, ನೀವು ಒದ್ದೆ ಬಟ್ಟೆಯಲ್ಲಿ ಒರೆಸಿದರೆ, ಮರದ ಒಗರು ಕಬ್ಬಿಣದ ಜೊತೆ ಸೇರಿ ನೀಲಿಗಪ್ಪು ಚುಕ್ಕೆ ಏಳುತ್ತದೆ. ಮರದೊಳಕ್ಕೆ ಇಳಿದ ಆ ಚುಕ್ಕೆಯನ್ನು ಹತ್ತರಿ ಹಾಕಿಯೇ ತೆಗೆಯಬೇಕು. ಮರವನ್ನು ಒಣ ಬ್ರಷ್ಷಿನಲ್ಲೇ ಚೊಕ್ಕ ಮಾಡಿ.

ಉಳಿ, ಹತ್ತರಿ, ಗರಗಸ

ಉಳಿಯನ್ನು ಹಿಡಿ ಕಡೆಯಿಂದ ಎತ್ತಿ, ಬಾಯಿ ಕೆಳಗೆ ಮಾಡಿ ಹಿಡಿದು ನಡೆಯಿರಿ. ಒರೆಸುವಾಗ ಬಟ್ಟೆ ಹಿಡಿಯಿಂದ ಬಾಯಿಯ ಕಡೆಗೆ ಸಾಗಬೇಕು, ಅಂಚಿನ ಉದ್ದಕ್ಕೆ ಎಂದೂ ಎಳೆಯಬಾರದು. ಎಲ್ಲ ಉಳಿಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿದರೆ ಬಾಯಿಗೆ ಬಾಯಿ ಬಡಿದು ಚಕ್ಕೆ ಏಳುತ್ತದೆ. ಒಂದೊಂದನ್ನು ಮತ್ತೆ ಮಸೆಯಲು ಅರ್ಧ ಗಂಟೆ. ಹಳೆಯ ಗಾರ್ಡನ್ ಪೈಪನ್ನು ಎರಡಂಗುಲದ ತುಂಡು ಮಾಡಿ, ಒಂದು ಬದಿ ಸೀಳಿ ಬಾಯಿಗೆ ತೊಡಿಸಿ. ತೊಗಲಿನ ಚೀಲ ಬೇಡ, ತೊಗಲು ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ.

ಹತ್ತರಿಯನ್ನು ಮಗ್ಗುಲಾಗಿ ಮಲಗಿಸಿ. ಅದರ ತಿರುಗಣೆ, ಸನ್ನೆ ಮುಟ್ಟಬೇಡಿ. ಅಲಗು ಎಷ್ಟು ಹೊರಗೆ ಬರಬೇಕೆಂದು ಅವರು ಕೂದಲಷ್ಟು ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಗೀಟು ಎಳೆಯುವ ಮಾರ್ಕಿಂಗ್ ಗೇಜ್, ಟೇಬಲ್ ಗರಗಸದಲ್ಲಿ ಮರವನ್ನು ಒತ್ತಿ ಸಾಗಿಸುವ ಬೇಲಿಪಟ್ಟಿ, ರೌಟರಿನ ಆಳ, ಇವೆಲ್ಲದಕ್ಕೂ ಇದೇ ಮಾತು. ತಿರುಗುವ, ಜಾರುವ ಯಾವುದನ್ನೂ ಸರಿಸದೆ ಸುತ್ತ ಬ್ರಷ್ ಆಡಿಸಿ. ದುಂಡು ಗರಗಸದ ಬಿಡಿ ಬ್ಲೇಡುಗಳು ಒಂದರ ಮೇಲೊಂದು ಬಿದ್ದಿದ್ದರೆ ನಡುವೆ ರಟ್ಟು ಹಾಕಿ. ಹಲ್ಲಿನ ತುದಿಯ ಕಾರ್ಬೈಡ್ ಗಾಜಿನಂತೆ ಸಿಡಿಯುತ್ತದೆ.

ತುಕ್ಕಿನ ಪುಡಿ ಕಂಡರೆ ಸ್ಟೀಲ್ ವೂಲಿಗೆ ಎರಡು ಹನಿ ಯಂತ್ರದ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಎಣ್ಣೆ ಸವರಿದ ಮೇಲೆ ಬರಿಗೈಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಮಾರನೆಯ ವಾರ ಬೆರಳಿನ ಗುರುತು ಕೆಂಪಗೆ ಏಳುತ್ತದೆ. ಅಡುಗೆಮನೆಯಲ್ಲಿ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಹತ್ತರಿಯ ಹಿತ್ತಾಳೆ ತಿರುಗಣೆಯನ್ನು ಹೊಳಪು ಮಾಡುವ ಆಸೆ ಬರಬಹುದು. ದಯವಿಟ್ಟು ಬೇಡ. ಹುಳಿ ಪಕ್ಕದ ಉಕ್ಕಿಗೆ ಇಳಿದು ಅದನ್ನು ಕಪ್ಪಗೆ ಕಚ್ಚುತ್ತದೆ. ನಿಂಬೆ, ವಿನಿಗರ್, ಪೀತಾಂಬರಿ ಪುಡಿ ಯಾವುದೂ ಬೇಡ.

ಟೇಬಲ್ ಗರಗಸದ ಮೇಜಿಗೆ ಎಣ್ಣೆ ಬದಲು ತೆಳ್ಳಗೆ ಮೇಣ ಹಚ್ಚಿ ಒರೆಸಿ. ಎಣ್ಣೆಯಿದ್ದರೆ ಮರಕ್ಕೆ ಕಲೆಯಾಗುತ್ತದೆ. ಪೀಠೋಪಕರಣ ಹೊಳೆಸುವ ಸ್ಪ್ರೇ, ಕಾರ್ ಪಾಲಿಶ್ ಇವುಗಳಲ್ಲಿ ಸಿಲಿಕೋನ್ ಇರುವುದುಂಟು. ಅದು ಬೆಂಚಿನಿಂದ ಮರಕ್ಕೆ ದಾಟಿದರೆ ಮುಂದೆ ಬಳಿಯುವ ಪಾಲಿಶ್ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ, ಕಾರಣವೇನೆಂದು ಯಜಮಾನರು ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ.

ಹಲಗೆಗಳ ಅಟ್ಟಿ

ಹಲಗೆಗಳ ನಡುನಡುವೆ ಒಂದೇ ದಪ್ಪದ ಸಣ್ಣ ಪಟ್ಟಿಗಳಿದ್ದರೆ ಅವು ಅಲ್ಲೇ ಇರಲಿ. ಹಸಿ ಮರ ಗಾಳಿಗೆ ಒಣಗಲು ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಪಟ್ಟಿ ತೆಗೆದು ಒತ್ತೊತ್ತಾಗಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಹಲಗೆ ತಿರುಚಿಕೊಳ್ಳುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿದರೂ ಬಾಗುತ್ತದೆ. ನೆಲದಿಂದ ಒಂದು ಇಟ್ಟಿಗೆಯಷ್ಟು ಎತ್ತರ, ಗೋಡೆಯಿಂದ ಒಂದು ಗೇಣು ಅಂತರ ಇದ್ದರೆ ತೇವವೂ ಹತ್ತದು, ಗೆದ್ದಲಿನ ಮಣ್ಣುದಾರಿಯೂ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಗುಡಿಸುವ ಮುನ್ನ ಬಗ್ಗಿ ನೋಡಿ. ಒಂದೇ ಹಲಗೆಯ ಕೆಳಗೆ ಮೈದಾಹಿಟ್ಟಿನಷ್ಟು ನುಣುಪಾದ ಪುಡಿ ಸಣ್ಣ ಗುಪ್ಪೆಯಾಗಿ ಬಿದ್ದಿದ್ದು, ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅದು ಗರಗಸದ ಹೊಟ್ಟಲ್ಲ, ಮರ ಕೊರೆಯುವ ಹುಳುವಿನದು. ರಬ್ಬರ್ ಮರ, ಮಾವು, ಬಿದಿರು, ತೇಗದ ಹೊರಗಿನ ಬಿಳಿ ಭಾಗ ಅದಕ್ಕೆ ಇಷ್ಟ. ತೇಗದ ಕೆಂಪು ತಿರುಳನ್ನು ಮುಟ್ಟದು. ಆ ಪುಡಿಯನ್ನು ಗುಡಿಸಿಬಿಟ್ಟರೆ ಯಾವ ಹಲಗೆ ಎಂಬ ಸುಳಿವೇ ಹೋಗುತ್ತದೆ. ಫೋಟೋ ತೆಗೆದು, ಆ ಹಲಗೆಯನ್ನು ಶೆಡ್ಡಿನಿಂದ ಹೊರಗಿಟ್ಟು, ಅವರಿಗೆ ತಿಳಿಸಿ.

ಎಸೆಯುವ ದಿನ

ಎರಡನೆಯ ದಿನ ಬೆಳಿಗ್ಗೆ ಅವರಿಗೊಂದು ಕುರ್ಚಿ ಹಾಕಿ. ಮೂರು ಕ್ರೇಟುಗಳಿಗೆ 'ಇರಲಿ', 'ಹೋಗಲಿ', 'ದೀಪಾವಳಿವರೆಗೆ' ಎಂದು ಚೀಟಿ ಅಂಟಿಸಿ. ನೀವು ಒಂದೊಂದೇ ತುಂಡು ಎತ್ತಿ ತೋರಿಸಿ, ಅವರು ಬಾಯಲ್ಲಿ ಹೇಳಲಿ, ಕೈ ಹಾಕದಿರಲಿ. ಒಂದು ಗಂಟೆ ಸಾಕು, ಆಮೇಲೆ ಇಬ್ಬರಿಗೂ ಬೇಸರ ಬರುತ್ತದೆ. ಮೂರನೆಯ ಕ್ರೇಟಿನಲ್ಲಿ ದೀಪಾವಳಿ ಕಳೆದ ಮೇಲೂ ಕೈ ಹಾಕದೆ ಉಳಿದದ್ದನ್ನು ಅವರೇ ಎಸೆಯುತ್ತಾರೆ. ತುಂಡುಗಳಿಗೆ ಇನ್ನು ಮುಂದೆ ಒಂದೇ ಡ್ರಮ್ಮು ಇರಲಿ. ಅದು ತುಂಬಿದರೆ ಹೊಸದು ಹಾಕುವ ಮುನ್ನ ಹಳೆಯದು ಹೊರಡಬೇಕು ಎಂದು ಇಬ್ಬರೂ ಒಪ್ಪಿಕೊಳ್ಳಿ. 'ಇರಲಿ' ಎಂದ ಜಿಗ್ಗುಗಳ ಮೇಲೆ ಅದು ಏತಕ್ಕೆಂದು ಅವರ ಕೈಯಿಂದಲೇ ದಪ್ಪಗೆ ಬರೆಸಿ ಗೋಡೆಯ ಮೊಳೆಗೆ ನೇತುಹಾಕಿ.

ಹೋಗಲಿ ಎಂದದ್ದರಲ್ಲಿ ಬರೀ ಮರದ ತುಂಡು ಹಂಡೆ ಒಲೆಗೆ ಆದೀತು. ಪ್ಲೈವುಡ್, ಎಂ.ಡಿ.ಎಫ್. (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ), ಸನ್‌ಮೈಕಾ ಅಂಟಿಸಿದ್ದು, ಬಣ್ಣ ಬಳಿದದ್ದು, ಗೆದ್ದಲಿಗೆ ಔಷಧಿ ಹಾಕಿದ್ದು ಯಾವುದನ್ನೂ ಒಲೆಗೆ ಹಾಕಬೇಡಿ. ಪ್ಲೈವುಡ್, ಎಂ.ಡಿ.ಎಫ್.ಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷ ಇರುತ್ತದೆ, ಆ ಹೊಗೆ ನೀವೇ ಕುಡಿಯಬೇಕು. ಅವುಗಳ ಪುಡಿ ಗಿಡದ ಬುಡಕ್ಕೂ ಬೇಡ. ಬರೀ ಮರದ ಹತ್ತರಿ ಸುರುಳಿಯನ್ನು ಗೊಬ್ಬರದ ಗುಂಡಿಗೆ ಅಡುಗೆಮನೆಯ ಹಸಿ ಕಸದ ಜೊತೆ ಪದರ ಪದರವಾಗಿ ಹಾಕಬಹುದು.

ಪೂಜೆಯ ದಿನ

ಆಯುಧ ಪೂಜೆಯಲ್ಲೇ ಉಪಕರಣ ಹಾಳಾಗುವುದೂ ಉಂಟು. ಒದ್ದೆ ಅರಿಸಿನ ಕುಂಕುಮ, ನೀರು ಚಿಮುಕಿಸಿದ ಹೂವು ಉಕ್ಕಿನ ಮೇಲೆ ವಿಜಯದಶಮಿವರೆಗೆ ಕೂತರೆ ಅದರ ಆಕಾರಕ್ಕೇ ತುಕ್ಕಿನ ಗುರುತು ಉಳಿಯುತ್ತದೆ. ಕುಂಕುಮವನ್ನು ಮರದ ಹಿಡಿಗೆ ಇಡಿ, ಯಂತ್ರಗಳಿಗೆ ಬಣ್ಣ ಬಳಿದ ಭಾಗಕ್ಕೆ ಇಡಿ, ಟೇಬಲ್ ಗರಗಸದ ಮೇಜಿನ ಮೇಲೆ ಬಾಳೆಎಲೆಯ ಬದಲು ಒಣ ಬಟ್ಟೆ ಹಾಸಿ. ನಿಂಬೆಹಣ್ಣು ಕುಯ್ದು ಇಡುವುದಾದರೆ ತಟ್ಟೆಯಲ್ಲಿಡಿ. ಬೂದುಗುಂಬಳ ಒಡೆಯುವುದು ಶೆಡ್ಡಿನ ಹೊರಗೆ. ಕರ್ಪೂರದ ಆರತಿಯೂ ಹೊಸ್ತಿಲಿನಿಂದಾಚೆಯೇ ಆಗಲಿ. ಸ್ಪಿರಿಟ್ಟಿನ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ವಿಜಯದಶಮಿ ಬೆಳಿಗ್ಗೆ ಹೂವು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಉಳಿಗಳ ಬಾಯಿಗೂ ಹತ್ತರಿಯ ಅಡಿಗೂ ಒಂದು ಕೈ ಎಣ್ಣೆ ಸವರಿ, ಪೈಪಿನ ತುಂಡು ಮತ್ತೆ ತೊಡಿಸಿಡಿ.